ಮುಳುಗುವ ಊರಿಗೆ ಬಂದು ನೆಲೆಸಿದ ಮುದುಕ: ರೈತ ತನಾಕ ಶೋಜೋ ಅವರ ಕೊನೆಯ ವರ್ಷಗಳು

1913ರ ಸೆಪ್ಟೆಂಬರ್ 4. ಜಪಾನಿನ ತೋಚಿಗಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ, ಪರಿಚಯದ ರೈತರೊಬ್ಬರ ಮನೆಯಲ್ಲಿ 71 ವರ್ಷದ ಮುದುಕರೊಬ್ಬರು ತೀರಿಕೊಂಡರು. ಅವರ ಹತ್ತಿರ ಉಳಿದಿದ್ದು ತಲೆಗೆ ಹಾಕಿಕೊಳ್ಳುವ ಹುಲ್ಲಿನ ಟೊಪ್ಪಿ, ಒಂದು ಊರುಗೋಲು, ಒಂದು ಬಟ್ಟೆ ಚೀಲ. ಚೀಲ ಬಿಚ್ಚಿ ನೋಡಿದರೆ ನದಿಗಳ ಬಗ್ಗೆ ಬರೆಯುತ್ತಿದ್ದ ವರದಿಯ ಕರಡು, ಬೈಬಲಿನ ಹೊಸ ಒಡಂಬಡಿಕೆ, ದೇಶದ ಸಂವಿಧಾನ, ದಿನಚರಿ ಪುಸ್ತಕ, ಒಂದಿಷ್ಟು ಕಾಗದ, ಹೊಳೆಯಲ್ಲಿ ಸಿಗುವ ಒಣ ಪಾಚಿ. ಜೊತೆಗೆ ಮೂರು ಸಣ್ಣ ಕಲ್ಲು. ಅಷ್ಟೇ. ದುಡ್ಡು ಇರಲಿಲ್ಲ.

ಇವರು ಯಾರೋ ದಿಕ್ಕಿಲ್ಲದ ಭಿಕ್ಷುಕ ಅಂದುಕೊಳ್ಳಬೇಡಿ. ಪಟೇಲರ ಮನೆಯಲ್ಲಿ ಹುಟ್ಟಿದವರು, ಪ್ರಾಂತ್ಯದ ಸಭೆಗೆ ಅಧ್ಯಕ್ಷರಾಗಿದ್ದವರು, ಹತ್ತು ವರ್ಷಕ್ಕೂ ಮಿಕ್ಕಿ ಪಾರ್ಲಿಮೆಂಟಿನಲ್ಲಿ ಕೂತಿದ್ದವರು. ಹೆಸರು ತನಾಕ ಶೋಜೋ. ಅವರ ಅಂತ್ಯಕ್ರಿಯೆಗೆ ಸುತ್ತಲಿನ ಹಳ್ಳಿಗಳಿಂದ ಹತ್ತಾರು ಸಾವಿರ ಜನ ಬಂದರು.

ಇಷ್ಟಕ್ಕೂ ಈ ಮನುಷ್ಯ ಗೆದ್ದ ಹೋರಾಟಗಾರ ಅಲ್ಲ. ಯಾವ ಊರನ್ನು ಉಳಿಸಬೇಕು ಅಂತ ಹೋಗಿ ಕೂತರೋ ಆ ಊರು ಅವರ ಕಣ್ಣೆದುರೇ ಹೋಯಿತು. ಆದರೂ ಜನ ಯಾಕೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದರು? ಅದಕ್ಕೆ ಉತ್ತರ ಅವರ ಕೊನೆಯ ಒಂಬತ್ತು ವರ್ಷಗಳಲ್ಲಿದೆ.

ಪಟೇಲಿಕೆಯಿಂದ ಪಾರ್ಲಿಮೆಂಟಿಗೆ

ಶೋಜೋ ಹುಟ್ಟಿದ್ದು 1841ರಲ್ಲಿ, ಈಗಿನ ಸಾನೊ ಪಟ್ಟಣಕ್ಕೆ ಸೇರಿದ ಕೊನಾಕ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಪಟೇಲರು. ಹದಿಹರೆಯದಲ್ಲೇ ಆ ಹೊಣೆ ಮಗನ ಹೆಗಲಿಗೆ ಬಿತ್ತು. ಹೊಲ ಉಳುತ್ತಲೇ ಊರಿನ ವ್ಯಾಜ್ಯ, ಕಂದಾಯ ಎಲ್ಲ ನೋಡಿಕೊಳ್ಳುತ್ತಿದ್ದರು. ಸಿಟ್ಟು ಸ್ವಲ್ಪ ಜಾಸ್ತಿ, ಮಾತು ಒರಟು, ಆದರೆ ಕೈ ಶುದ್ಧ.

ಆಗಿನ ಜಹಗೀರುದಾರ ರೈತರಿಂದ ಅನ್ಯಾಯವಾಗಿ ವಸೂಲಿ ಮಾಡುತ್ತಿದ್ದಾನೆ ಅಂತ ಎದುರು ನಿಂತರು. ಸಿಕ್ಕಿದ್ದು ಜೈಲು. ಮೈ ಚಾಚಿ ಮಲಗಲೂ ಆಗದಷ್ಟು ಇಕ್ಕಟ್ಟಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟರು. ಊಟದಲ್ಲಿ ವಿಷ ಹಾಕಬಹುದು ಎಂಬ ಭಯಕ್ಕೆ, ಹೊರಗಿನಿಂದ ಗುಟ್ಟಾಗಿ ಬಂದ ಒಣ ಮೀನಿನ ತುಂಡು ಕಡಿದುಕೊಂಡು ಸುಮಾರು ಒಂದು ತಿಂಗಳು ಜೀವ ಹಿಡಿದರು.

ಆಮೇಲೆ ಕಾಲ ಬದಲಾಯಿತು. ಹಳೇ ಆಳ್ವಿಕೆ ಹೋಗಿ ಮೇಜಿ ಚಕ್ರವರ್ತಿಯ ಹೊಸ ಸರ್ಕಾರ ಬಂತು. ಶೋಜೋ 1880ರಲ್ಲಿ ತೋಚಿಗಿ ಪ್ರಾಂತ್ಯದ ಸಭೆಗೆ ಆಯ್ಕೆಯಾದರು. 1890ರಲ್ಲಿ ದೇಶದ ಮೊಟ್ಟಮೊದಲ ಪಾರ್ಲಿಮೆಂಟ್ ಚುನಾವಣೆ ನಡೆದಾಗ ಅಲ್ಲೂ ಗೆದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ವತರಾಸೆ ನದಿಗೆ ದೊಡ್ಡ ಪ್ರವಾಹ ಬಂತು. ಶೋಜೋ ಬದುಕು ತಿರುಗಿದ್ದು ಅಲ್ಲಿಂದ.

ಹೊಳೆ ನೀರಲ್ಲಿ ತಾಮ್ರ

ವತರಾಸೆ ನದಿಯ ದಂಡೆಯ ರೈತರಿಗೆ ಪ್ರವಾಹ ಹೊಸದಲ್ಲ. ಹೊಳೆ ಉಕ್ಕಿದರೆ ಒಂದು ಬೆಳೆ ಹೋಗುತ್ತಿತ್ತು ನಿಜ, ಆದರೆ ನೀರು ಇಳಿದ ಮೇಲೆ ಗದ್ದೆಯಲ್ಲಿ ಮೆಕ್ಕಲು ಮಣ್ಣು ಕೂರುತ್ತಿತ್ತು. ಮರು ವರ್ಷ ಗೊಬ್ಬರ ಹಾಕದೆಯೇ ಬೆಳೆ ಬರುತ್ತಿತ್ತು. ಅದೊಂದು ಥರದ ಲೇವಾದೇವಿ: ಹೊಳೆ ತಗೊಂಡಿದ್ದನ್ನು ಬಡ್ಡಿ ಸಮೇತ ವಾಪಸ್ ಕೊಡ್ತಿತ್ತು.

1890ರಲ್ಲಿ ಹಾಗಾಗಲಿಲ್ಲ. ನೀರು ಇಳಿದ ಮೇಲೆ ಗದ್ದೆ ಸತ್ತೇಹೋಗಿತ್ತು. ಬಿತ್ತಿದ್ದು ಬರಲಿಲ್ಲ, ಬಂದ ಪೈರು ಕರಕಲಾಯಿತು. ಹೊಳೆಯಲ್ಲಿ ಮೀನು ಸತ್ತು ತೇಲುವುದು ಅದಕ್ಕೂ ಐದು ವರ್ಷ ಮೊದಲೇ ಶುರುವಾಗಿತ್ತು.

ಕಾರಣ ನದಿಯ ಮೇಲ್ಭಾಗದ ಬೆಟ್ಟದಲ್ಲಿತ್ತು. ಆಶಿಯೊ ಎಂಬ ಹಳೇ ತಾಮ್ರದ ಗಣಿಯನ್ನು 1877ರಲ್ಲಿ ಫುರುಕಾವಾ ಇಚಿಬೆ ಎಂಬ ಉದ್ಯಮಿ ಕೊಂಡಿದ್ದರು. ಹೊಸ ಅದಿರು ಸಿಕ್ಕಿತು, ಹೊಸ ಯಂತ್ರ ಬಂತು, ಕೆಲವೇ ವರ್ಷದಲ್ಲಿ ಅದು ಜಪಾನಿನ ಅತಿ ದೊಡ್ಡ ತಾಮ್ರದ ಗಣಿಯಾಯಿತು. ಕುಲುಮೆಗೆ ಸೌದೆಗಾಗಿ ಸುತ್ತಲ ಕಾಡು ಕಡಿದರು. ಉಳಿದ ಗಿಡಮರ ಕುಲುಮೆಯ ಗಂಧಕದ ಹೊಗೆಗೆ ಒಣಗಿದವು. ಕಾಡು ಹೋದ ಬೆಟ್ಟದಲ್ಲಿ ಮಳೆ ನೀರು ನಿಲ್ಲಲಿಲ್ಲ, ಹಾಗಾಗಿ ಪ್ರವಾಹ ಜಾಸ್ತಿಯಾಯಿತು. ಆ ಪ್ರವಾಹ ಗಣಿಯ ಕಸವನ್ನೆಲ್ಲ ಹೊತ್ತು ತಂದು ಕೆಳಗಿನ ಗದ್ದೆಗಳಲ್ಲಿ ಸುರಿಯಿತು.

ಆದರೆ ತಾಮ್ರ ಅಂದರೆ ದೇಶಕ್ಕೆ ವಿದೇಶಿ ಹಣ. ಆ ಹಣದಿಂದ ಸೈನ್ಯ, ಹಡಗು, ಕಾರ್ಖಾನೆ. ಗಣಿ ನಿಲ್ಲಿಸೋಕೆ ಸರ್ಕಾರಕ್ಕೆ ಮನಸ್ಸಿರಲಿಲ್ಲ. ಅದೂ ಅಲ್ಲದೆ, ಆಗಿನ ಕೃಷಿ ಮತ್ತು ವಾಣಿಜ್ಯ ಮಂತ್ರಿ ಮುತ್ಸು ಮುನೆಮಿತ್ಸು ಅವರ ಎರಡನೇ ಮಗನನ್ನೇ ಫುರುಕಾವಾ ದತ್ತು ತೆಗೆದುಕೊಂಡಿದ್ದರು. ರೈತರ ದೂರು ಹೋಗಬೇಕಾದ ಬಾಗಿಲು ಗಣಿ ಮಾಲೀಕರ ಬೀಗರ ಮನೆಯ ಬಾಗಿಲಾಗಿತ್ತು ಅಂದ್ರೂ ತಪ್ಪಿಲ್ಲ.

1891ರಿಂದ ಶೋಜೋ ಪಾರ್ಲಿಮೆಂಟಿನಲ್ಲಿ ಇದೇ ವಿಷಯ ಎತ್ತುತ್ತಾ ಹೋದರು. ಕಂಪನಿಯವರು ಊರೂರಿಗೆ ಬಂದು ಚಿಲ್ಲರೆ ಕಾಸು ಕೊಟ್ಟು, ಮುಂದೆ ತಕರಾರು ಮಾಡುವುದಿಲ್ಲ ಅಂತ ರಾಜಿ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಹೊಟ್ಟೆಗಿಲ್ಲದ ರೈತರು ಸಹಿ ಹಾಕಿದರು. 1896ರಲ್ಲಿ ಒಂದೇ ವರ್ಷ ಮತ್ತೆ ಮತ್ತೆ ಪ್ರವಾಹ ಬಂದು ಆ ಕಾಸೂ ಕೊಚ್ಚಿಹೋಯಿತು. ರೈತರು ಗುಂಪುಗುಂಪಾಗಿ ತೋಕಿಯೋಗೆ ನಡೆದು ಹೊರಟರು. 1900ರ ಫೆಬ್ರವರಿ 13ರಂದು ಕವಾಮತಾ ಎಂಬಲ್ಲಿ ಪೊಲೀಸರು ಅಡ್ಡಗಟ್ಟಿ ಬಡಿದರು. 51 ಮಂದಿಯ ಮೇಲೆ ಮೊಕದ್ದಮೆ ಬಿತ್ತು.

ಇದಕ್ಕೂ ಸ್ವಲ್ಪ ಮೊದಲು, 1899ರಲ್ಲಿ, ಸದಸ್ಯರ ಸಂಬಳವನ್ನು 800 ಯೆನ್‌ನಿಂದ 2,000 ಯೆನ್‌ಗೆ ಏರಿಸಿದರು. ಶೋಜೋ ವಿರೋಧಿಸಿದರು. ಏರಿಕೆ ಮಾತ್ರ ಅಲ್ಲ, ಸಂಬಳವನ್ನೇ ಪೂರ್ತಿ ಬಿಟ್ಟರು.

ಚಕ್ರವರ್ತಿಯ ಗಾಡಿಯ ಮುಂದೆ

ಹತ್ತು ವರ್ಷ ಮಾತಾಡಿದ್ದೂ ಆಯಿತು, ಏನೂ ಆಗಲಿಲ್ಲ. 1901ರ ಅಕ್ಟೋಬರ್‌ನಲ್ಲಿ ಶೋಜೋ ರಾಜೀನಾಮೆ ಕೊಟ್ಟರು. ಡಿಸೆಂಬರ್ 10ರಂದು ಪಾರ್ಲಿಮೆಂಟಿನಿಂದ ಅರಮನೆಗೆ ಹೊರಟಿದ್ದ ಚಕ್ರವರ್ತಿಯ ಕುದುರೆ ಗಾಡಿಯತ್ತ, ಕೈಯಲ್ಲಿ ಮನವಿ ಪತ್ರ ಎತ್ತಿ ಹಿಡಿದು ಓಡಿದರು. ಅದನ್ನು ಬರೆದುಕೊಟ್ಟವರು ಪತ್ರಕರ್ತ ಕೊತೊಕು ಶೂಸುಯಿ, ತಿದ್ದಿದವರು ಶೋಜೋ. ಚಕ್ರವರ್ತಿಗೆ ನೇರ ಅಹವಾಲು ಕೊಡುವುದು ಆಗ ಜೀವಕ್ಕೇ ಕುತ್ತು ತರುವ ಕೆಲಸ. ಕಾವಲುಗಾರರು ಹಿಡಿದರು, ಪತ್ರ ತಲುಪಲಿಲ್ಲ.

ಶಿಕ್ಷೆ ಕೊಟ್ಟರೆ ವಿಚಾರಣೆ ಆಗಬೇಕು, ವಿಚಾರಣೆಯಾದರೆ ಗಣಿಯ ವಿಷಯ ಹೊರಗೆ ಬರುತ್ತೆ. ಸರ್ಕಾರ ಸುಲಭದ ದಾರಿ ಹುಡುಕಿತು: ತಲೆಕೆಟ್ಟ ಮುದುಕ ಅಂತ ಹೇಳಿ ಬಿಟ್ಟುಬಿಟ್ಟಿತು. ಆದರೆ ಪತ್ರದಲ್ಲಿದ್ದದ್ದು ಪತ್ರಿಕೆಗಳಲ್ಲಿ ಅಚ್ಚಾಯಿತು, ಇಡೀ ದೇಶ ಓದಿತು. ತೋಕಿಯೋದ ವಿದ್ಯಾರ್ಥಿಗಳು ಹಾಳಾದ ಹಳ್ಳಿಗಳನ್ನು ನೋಡಲು ಬಂದರು.

ಮರು ವರ್ಷ ಶೋಜೋ ಮತ್ತೆ ಜೈಲಿಗೆ ಹೋದರು. ಈ ಸಲದ ಅಪರಾಧ ಆಕಳಿಕೆ! ರೈತರ ಮೊಕದ್ದಮೆ ನಡೆಯುವಾಗ ಕೋರ್ಟಿನಲ್ಲಿ ಕೂತು ದೊಡ್ಡದಾಗಿ ಆಕಳಿಸಿ ಅವಮಾನ ಮಾಡಿದರು ಅಂತ ಸುಮಾರು 40 ದಿನದ ಸಜೆ. ಆ ದಿನಗಳಲ್ಲಿ ಬೈಬಲ್ ಓದಿದರು. ಚೀಲದಲ್ಲಿ ಕೊನೇವರೆಗೂ ಆ ಪುಸ್ತಕ ಇದ್ದದ್ದು ಹಾಗೆ.

ಗಣಿಗೆ ಮದ್ದಿಲ್ಲ, ಊರಿಗೆ ನೀರು

ಜನರ ಸಿಟ್ಟು ಏರಿದ್ದರಿಂದ ಸರ್ಕಾರ 1902ರಲ್ಲಿ ಒಂದು ಸಮಿತಿ ಮಾಡಿತು. ಅಲ್ಲಿ ವಿಷಯವೇ ತಿರುವುಮುರುವಾಯಿತು. ಇದು ಗಣಿಯ ಸಮಸ್ಯೆ ಅಲ್ಲ, ಪ್ರವಾಹದ ಸಮಸ್ಯೆ ಎಂಬ ಮಾತು ಬಂತು. ಪ್ರವಾಹದ ನೀರು ನಿಲ್ಲಿಸಲು ದೊಡ್ಡದೊಂದು ತಗ್ಗು ಜಾಗ ಬೇಕು, ಅಲ್ಲಿ ಯಾವುದಾದರೂ ಹಳ್ಳಿ ಇದ್ದರೆ ಎತ್ತಂಗಡಿ ಮಾಡಬೇಕು.

ಮೊದಲು ಪಕ್ಕದ ಸೈತಾಮಾ ಪ್ರಾಂತ್ಯದ ಎರಡು ಹಳ್ಳಿಗಳ ಮೇಲೆ ಕಣ್ಣು ಬಿತ್ತು. ಅಲ್ಲಿನವರು ಒಗ್ಗಟ್ಟಾಗಿ ಎದುರು ನಿಂತದ್ದರಿಂದ ಯೋಜನೆ ಬಿತ್ತು. ಆಮೇಲೆ ಯಾನಾಕ ಎಂಬ ಹಳ್ಳಿಯ ಸರದಿ. ಸುಮಾರು 450 ಮನೆ, 2,700 ಜನರ ಊರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಮೂರು ನದಿ ಸೇರುವ ಕಡೆ ಇದ್ದ ತಗ್ಗಿನ ಊರು. ಒಡ್ಡು ಕಟ್ಟಿಕೊಂಡೇ ತಲೆತಲಾಂತರದಿಂದ ಬದುಕಿದ ಜನ.

1902ರ ಪ್ರವಾಹದಲ್ಲಿ ಆ ಒಡ್ಡು ಒಡೆಯಿತು. ಪ್ರಾಂತ್ಯದ ಆಡಳಿತ ಅದನ್ನು ರಿಪೇರಿ ಮಾಡದೆ ಬಿಟ್ಟಿತು. ಒಡ್ಡಿಲ್ಲದ ಊರಲ್ಲಿ ಬೆಳೆ ಇಲ್ಲ, ಬೆಳೆ ಇಲ್ಲದವನಿಗೆ ಸಾಲ, ಸಾಲದವನು ಸಿಕ್ಕ ರೇಟಿಗೆ ಜಮೀನು ಮಾರುತ್ತಾನೆ. ಬಡವರ ಹೊಟ್ಟೆ ಮೇಲೆ ಹೊಡೆಯುವ ಲೆಕ್ಕ ಇಷ್ಟು ಸರಳ. 1904ರ ಡಿಸೆಂಬರ್‌ನಲ್ಲಿ ತೋಚಿಗಿ ಸಭೆ ರಾತ್ರೋರಾತ್ರಿ ಗುಪ್ತ ಅಧಿವೇಶನ ನಡೆಸಿ ಯಾನಾಕವನ್ನು ಕೊಳ್ಳುವ ಹಣಕ್ಕೆ ಒಪ್ಪಿಗೆ ಕೊಟ್ಟಿತು.

ಶೋಜೋ ಅದಕ್ಕೂ ಕೆಲವು ತಿಂಗಳ ಮೊದಲೇ, ಜುಲೈ ಕೊನೆಯಲ್ಲಿ, ಯಾನಾಕಕ್ಕೆ ಬಂದು ನೆಲೆಸಿದ್ದರು. ಆಗ ವಯಸ್ಸು 62. ಜನ ಗಂಟುಮೂಟೆ ಕಟ್ಟುತ್ತಿದ್ದ ಊರಿಗೆ ಇವರು ಗಂಟು ಹೊತ್ತುಕೊಂಡು ಬಂದರು. ಪಾರ್ಲಿಮೆಂಟಿನಲ್ಲಿದ್ದಾಗ ಯಾನಾಕ ಅವರಿಗೆ ಭಾಷಣದ ವಿಷಯ. ಇನ್ನು ಮೇಲೆ ಮನೆ.

ಹದಿನಾರು ಮನೆ

ಶೋಜೋ ಬಂದರು ಅಂತ ಊರು ಗಟ್ಟಿಯಾಗಿ ನಿಲ್ಲಲಿಲ್ಲ. ಒಬ್ಬೊಬ್ಬರೇ ಸಹಿ ಹಾಕಿ ಹೊರಟರು. ಕೆಲವರು ಹತ್ತಿರದ ಹಳ್ಳಿಗೆ, ಕೆಲವರು ನಾಸು ಎಂಬ ಬಂಜರು ನೆಲಕ್ಕೆ, ಮುಂದೆ ಕೆಲವರು ಉತ್ತರದ ಹೊಕ್ಕೈಡೊ ದ್ವೀಪದ ಚಳಿಗೆ. ಉಳಿದವರು ತಾವೇ ಮಣ್ಣು ಹೊತ್ತು ಒಡ್ಡು ಕಟ್ಟಿದರೆ ಆಡಳಿತ ಅದನ್ನೂ ಕೆಡವಿತು. 1906ರ ಜುಲೈ 1ರಂದು ಯಾನಾಕವನ್ನು ಪಕ್ಕದ ಫುಜಿಯೊಕಾಗೆ ಸೇರಿಸಿದರು. ಕಾಗದದ ಮೇಲೆ ಊರೇ ಇಲ್ಲ.

ಆದರೂ 16 ಮನೆಯವರು ಕದಲಲಿಲ್ಲ. 1907ರ ಜೂನ್ 29ರಿಂದ ಜುಲೈ 5ರವರೆಗೆ ಪೊಲೀಸರು, ಕೂಲಿಯಾಳುಗಳು ಬಂದು ಆ ಮನೆಗಳನ್ನು ಒಂದೊಂದಾಗಿ ಕೆಡವಿದರು. ಅಜ್ಜ ಮುತ್ತಜ್ಜಂದಿರ ಕಾಲದ ಮನೆ. ಶೋಜೋ ಮನೆಯಿಂದ ಮನೆಗೆ ಹೋಗಿ ಅವರ ಜೊತೆ ನಿಂತರು. ಹೊಡೆದಾಟ ಆಗಲಿಲ್ಲ, ಕೈ ಎತ್ತುವುದು ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ತೋಕಿಯೋದ ಯುವ ಬರಹಗಾರ ಅರಾಹತಾ ಕಾನ್ಸೊನ್ ಆ ವರ್ಷವೇ ಯಾನಾಕದ ಕಥೆ ಬರೆದು ಪುಸ್ತಕ ಮಾಡಿದರು. ಸರ್ಕಾರ ಕೂಡಲೇ ನಿಷೇಧಿಸಿತು.

ಮನೆ ಬಿದ್ದ ಮೇಲೆ ಜನ ಹೋಗುತ್ತಾರೆ ಅಂತ ಅಧಿಕಾರಿಗಳ ಎಣಿಕೆ. ಹೋಗಲಿಲ್ಲ. ಬಿದಿರು, ಹುಲ್ಲು ಸೇರಿಸಿ ಗುಡಿಸಲು ಹಾಕಿಕೊಂಡರು.

ಅದೇ ಬೇಸಿಗೆಯಲ್ಲಿ ಬಿರುಗಾಳಿ ಮಳೆ ಬಂತು. ಗುಡಿಸಲುಗಳು ನೀರಲ್ಲಿ ಮುಳುಗಿದವು. ಹೆಂಗಸರು, ಮುದುಕರು, ಕಾಯಿಲೆಯವರು ಏನಾದರೋ ಅಂತ ಶೋಜೋ ದೋಣಿ ಮಾಡಿಕೊಂಡು ಹುಡುಕಿ ಹೋದರು. ಅಳು, ಗೋಳು ಕೇಳಬೇಕಾಗುತ್ತೆ ಅಂದುಕೊಂಡಿದ್ದರು. ಅಲ್ಲಿ ನೋಡಿದರೆ ಜನ ದೋಣಿಗಳಲ್ಲಿ ಸುಮ್ಮನೆ ಕೂತಿದ್ದರು. ಗಾಬರಿ ಇಲ್ಲ, ದೂರು ಇಲ್ಲ. ನೀರು ಇಳಿದ ಮೇಲೆ ಮತ್ತೆ ಗುಡಿಸಲು ಹಾಕುವ ಯೋಚನೆ ಅವರದು.

ಶೋಜೋಗೆ ಇದು ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ತಾನು ಇವರಿಗೆ ಕಾನೂನು, ಹಕ್ಕು ಅಂತ ಪಾಠ ಹೇಳುತ್ತಿದ್ದೆ, ಇವರು ಹೇಳುವುದನ್ನು ಕೇಳಿಸಿಕೊಳ್ಳಲೇ ಇಲ್ಲ ಎಂಬುದು ಅವರಿಗೆ ಹೊಳೆಯಿತು. ಅಲ್ಲಿಂದ ಆಚೆಗಿನ ದಿನಚರಿಯಲ್ಲಿ, ಪತ್ರಗಳಲ್ಲಿ ಇದೇ ಮಾತು ಬೇರೆ ಬೇರೆ ರೀತಿಯಲ್ಲಿ ಬರುತ್ತದೆ: ಯಾನಾಕದವರಿಗೆ ಕಲಿಸಲು ಬಂದವನು ಯಾನಾಕದವರಿಂದ ಕಲಿಯಬೇಕು. ಊರಿನ ಯುವಕ ಶಿಮಾದಾ ಸೋಜೋ ಅವರಂಥವರ ಜೊತೆ ಕೂತು, ಅವರ ಕಷ್ಟ ಅವರ ಬಾಯಿಂದಲೇ ಕೇಳಿದರು. ಅರವತ್ತೈದು ದಾಟಿದ ಮೇಲೆ, ಅದೂ ಇಷ್ಟು ಹೆಸರು ಮಾಡಿದ ಮನುಷ್ಯ ತನ್ನ ತಪ್ಪು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಕಾಲ್ನಡಿಗೆಯಲ್ಲಿ ನದಿ ಲೆಕ್ಕ

ಮೇಲೆ ಕೂತವರು ನಕ್ಷೆ ನೋಡಿ ಊರು ಮುಳುಗಿಸುತ್ತಾರೆ, ಹಾಗಾದರೆ ನದಿಯನ್ನೇ ನಡೆದು ನೋಡೋಣ ಎಂಬುದು ಶೋಜೋ ಅವರ ಮುಂದಿನ ಕೆಲಸವಾಯಿತು. ವತರಾಸೆ, ತೋನೆ, ಅವುಗಳಿಗೆ ಸೇರುವ ಹಳ್ಳಗಳ ದಂಡೆ ಹಿಡಿದು ನಡೆದರು. ಎಲ್ಲಿ ನೀರು ಎಷ್ಟು ಎತ್ತರ ಬಂದಿತ್ತು, ಯಾವ ಒಡ್ಡು ಯಾವಾಗ ಒಡೆಯಿತು ಅಂತ ಊರಿನ ಹಿರಿಯರನ್ನು ಕೇಳಿ ಬರೆದುಕೊಂಡರು. 1910ರಲ್ಲಿ ಆ ಬಯಲು ಸೀಮೆಗೆಲ್ಲ ದೊಡ್ಡ ಪ್ರವಾಹ ಬಂದ ಮೇಲೆ ಈ ಓಡಾಟ ಇನ್ನೂ ಜಾಸ್ತಿಯಾಯಿತು.

ಅವರ ವಾದ ಹೀಗಿತ್ತು. ತೋನೆ ನದಿಯಿಂದ ತೋಕಿಯೋ ಕಡೆ ಹೋಗುವ ಎಡೊ ನದಿಯ ಬಾಯಿಯನ್ನು ಸೆಕಿಯಾದೊ ಎಂಬಲ್ಲಿ ಕಿರಿದು ಮಾಡಿದ್ದಾರೆ. ಹೋಗಬೇಕಾದ ನೀರು ಹೋಗದೆ ಹಿಂದಕ್ಕೆ ಒತ್ತಿ ವತರಾಸೆಗೆ ನುಗ್ಗುತ್ತದೆ. ರಾಜಧಾನಿಗೆ ವಿಷದ ನೀರು ಬಾರದಿರಲಿ ಅಂತ ಹಳ್ಳಿಗಳನ್ನು ಮುಳುಗಿಸುತ್ತಿದ್ದಾರೆ. ಗಟಾರದ ಬಾಯಿ ಕಟ್ಟಿದರೆ ನೀರು ಮನೆಯೊಳಗೆ ಬರದೆ ಇನ್ನೆಲ್ಲಿಗೆ ಹೋಗುತ್ತೆ ಅಂತ ಯಾವ ಅಂಗಡಿಯವನಿಗೂ ಗೊತ್ತಿರುವ ಲೆಕ್ಕ ಇದು. ಬೆಟ್ಟದಲ್ಲಿ ಮತ್ತೆ ಕಾಡು ಬೆಳೆಸಿ, ನದಿಗೆ ಅದರ ದಾರಿ ಬಿಡಿ ಎಂಬುದು ಅವರ ಸಲಹೆ. ಬೆಟ್ಟ, ಹೊಳೆ, ಊರು, ಮನುಷ್ಯರನ್ನು ಹಾಳು ಮಾಡುವ ಪ್ರಗತಿಗೆ ನಾಗರಿಕತೆ ಎಂಬ ಹೆಸರು ಒಪ್ಪುವುದಿಲ್ಲ ಎಂಬ ಅರ್ಥದ ಮಾತನ್ನು 1912ರಲ್ಲಿ ದಿನಚರಿಯಲ್ಲಿ ಬರೆದಿಟ್ಟರು. ಇವತ್ತು ಜಪಾನಿನಲ್ಲಿ ಅವರ ಹೆಸರು ಹೇಳಿದರೆ ಮೊದಲು ನೆನಪಾಗುವುದು ಅದೇ ಮಾತು.

ಈ ಹೊತ್ತಿಗೆ ಅಪ್ಪ ಮಾಡಿದ ಆಸ್ತಿಯಲ್ಲಿ ಹೆಚ್ಚಿನದು ಹೋರಾಟಕ್ಕೆ ಕರಗಿತ್ತು. ಉಳಿದ ಮನೆ, ಹೊಲವನ್ನು ಹುಟ್ಟೂರಿನ ರೈತರ ಸಂಘಕ್ಕೆ ಬರೆದುಕೊಟ್ಟರು. ಹೆಂಡತಿ ಕತ್ಸು ಇಂಥ ಗಂಡನ ಜೊತೆ ಬಾಳಿದವರು. ಆತ ಮನೆಯಲ್ಲಿದ್ದದ್ದಕ್ಕಿಂತ ಜೈಲು, ಸಭೆ, ಹೊಳೆ ದಂಡೆಯಲ್ಲಿದ್ದದ್ದೇ ಹೆಚ್ಚು.

1913ರ ಆಗಸ್ಟ್ ಮೊದಲ ವಾರ, ಓಡಾಟದ ನಡುವೆಯೇ ಶೋಜೋ ಕುಸಿದರು. ದಾರಿಯಲ್ಲಿದ್ದ ರೈತ ನಿವಾತಾ ಅವರ ಮನೆಯಲ್ಲಿ ಮಲಗಿಸಿದರು. ಕತ್ಸು ಬಂದು ಆರೈಕೆ ಮಾಡಿದರು, ಹಳೇ ಗೆಳೆಯ ಪತ್ರಕರ್ತ ಕಿನೊಶಿತಾ ನಾಓಯೆ ಪಕ್ಕದಲ್ಲಿದ್ದರು. ಊರೂರಿನಿಂದ ಜನ ನೋಡಲು ಬರುತ್ತಲೇ ಇದ್ದರು. ಒಂದು ತಿಂಗಳ ಮೇಲೆ ಸ್ವಲ್ಪ ದಿನ, ಅಷ್ಟೇ ಬದುಕಿದ್ದು.

ಆಮೇಲೆ

ಅಸ್ಥಿ ತಮ್ಮ ಊರಲ್ಲೇ ಇರಬೇಕು ಅಂತ ಹಳ್ಳಿ ಹಳ್ಳಿಯವರು ಪಟ್ಟು ಹಿಡಿದರು. ಕೊನೆಗೆ ಹಂಚಿ ಬೇರೆ ಬೇರೆ ಕಡೆ ಇಟ್ಟರು. ಯಾನಾಕದವರಿಗೂ ಒಂದು ಪಾಲು ಸಿಕ್ಕಿತು. ಅಲ್ಲಿ ಉಳಿದಿದ್ದ ಕೊನೆಯ ಕುಟುಂಬಗಳು 1917ರಲ್ಲಿ ಹೊರಟವು. ಜಮೀನಿಗೆ ಕೊಟ್ಟ ದರ ತೀರಾ ಕಡಿಮೆ ಅಂತ ಅವರು ಹಾಕಿದ್ದ ದಾವೆಯಲ್ಲಿ ದರ ಸ್ವಲ್ಪ ಏರಿತು, ಆದರೆ ಅಷ್ಟರಲ್ಲಿ ಶೋಜೋ ಇರಲಿಲ್ಲ, ಊರೂ ಇರಲಿಲ್ಲ.

ಯಾನಾಕ ಮುಳುಗಿತು ಅಂತ ವಿಷ ನಿಲ್ಲಲಿಲ್ಲ. 1958ರಲ್ಲಿ ಆಶಿಯೊ ಗಣಿಯ ಕಸದ ಕಟ್ಟೆಯೊಂದು ಒಡೆದು ಕೆಳಗಿನ ಗದ್ದೆಗಳಿಗೆ ಮತ್ತೆ ಹರಿಯಿತು. ರೈತರು ಮತ್ತೆ ಸಂಘ ಕಟ್ಟಿದರು. ಗಣಿ ಮುಚ್ಚಿದ್ದು 1973ರಲ್ಲಿ. ಮರು ವರ್ಷ ಸರ್ಕಾರಿ ಮಧ್ಯಸ್ಥಿಕೆಯಲ್ಲಿ ಕಂಪನಿ ರೈತರಿಗೆ 155 ಕೋಟಿ ಯೆನ್ ಪರಿಹಾರ ಕೊಡಲು ಒಪ್ಪಿತು. ಶೋಜೋ ಮೊದಲ ಸಲ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಕೇಳಿ 83 ವರ್ಷ ಆಗಿತ್ತು.

ಯಾನಾಕ ಇದ್ದ ಕಡೆ ಈಗ ಸುಮಾರು 3,300 ಹೆಕ್ಟೇರಿನ ಜೊಂಡು ಹುಲ್ಲಿನ ಬಯಲು. 2012ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರೊಳಗೆ ದೊಡ್ಡ ಜಲಾಶಯ ತೋಡುವಾಗ ಹಳೇ ಊರಿನ ಸ್ಮಶಾನ, ದೇವಸ್ಥಾನದ ಜಾಗಕ್ಕೂ ಕೈ ಹಾಕಲು ಹೊರಟಿದ್ದರು. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಬಂದು ತಡೆದರು. ಆ ಜಾಗ ಬಿಟ್ಟು ತೋಡಿದ್ದರಿಂದ ಜಲಾಶಯ ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿದೆ. ನೋಡಲು ಬರುವವರು ಅದರ ಅಂದ ನೋಡಿ ಫೋಟೋ ತೆಗೆಯುತ್ತಾರೆ. ಆ ಆಕಾರ ಬಂದದ್ದು ಹಠದಿಂದ.

ಇನ್ನು ಆ ಮನವಿ ಪತ್ರ. 1901ರಲ್ಲಿ ಚಕ್ರವರ್ತಿಯ ಕೈ ಸೇರದೇ ಹೋದದ್ದು. 2014ರ ಮೇ ತಿಂಗಳಲ್ಲಿ ಆಗಿನ ಚಕ್ರವರ್ತಿ ಅಕಿಹಿತೊ ಸಾನೊ ಊರಿನ ವಸ್ತುಸಂಗ್ರಹಾಲಯಕ್ಕೆ ಬಂದರು. ಅಂದು ಕುದುರೆ ಗಾಡಿಯಲ್ಲಿ ಕೂತಿದ್ದವರ ಮರಿಮಗ ಇವರು. ಗಾಜಿನ ಹಿಂದೆ ಇಟ್ಟಿದ್ದ ಆ ಪತ್ರವನ್ನು ನೋಡಿದರು. ಗಾಡಿಯ ಪಕ್ಕದಿಂದ ಅಲ್ಲಿಗೆ ತಲುಪಲು ಅದಕ್ಕೆ 113 ವರ್ಷ ಬೇಕಾಯಿತು.